ತಾಳೆ ನೋಡುವ ದಾರಿ ತೋರಿದ ಅಲನ್ ಟ್ಯೂರಿಂಗ್

ಉದ್ದದ ಕೂಡಿಸುವ ಲೆಕ್ಕವೊಂದರಲ್ಲಿ ಉತ್ತರ ತಪ್ಪಿದರೆ, ತಪ್ಪು ಎಲ್ಲಿ ನುಸುಳಿತೆಂದು ಹುಡುಕುವುದು ಕಷ್ಟದ ಕೆಲಸ. ಆದರೆ ಹುಡುಗನು ಪ್ರತಿಯೊಂದು ಸಾಲಿನ ದಶಕವನ್ನೂ ಬರೆದಿಟ್ಟಿದ್ದರೆ, ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ತಾಳೆ ನೋಡಿ ತಪ್ಪಿದ ಜಾಗವನ್ನು ಕೂಡಲೇ ಗುರುತಿಸಬಹುದು. ತರಗತಿಯಲ್ಲಿ ನಾವು ದಿನವೂ ಕಾಣುವ ಈ ಸಂಗತಿಯನ್ನೇ ಉದಾಹರಣೆಯಾಗಿ ಹಿಡಿದು, ಗಣಕಯಂತ್ರಕ್ಕೆ ಕೊಟ್ಟ ಆದೇಶಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಬಗೆಯನ್ನು 1949ರಲ್ಲಿ ಕೇಂಬ್ರಿಜ್ಜಿನ ವಿದ್ವಾಂಸರ ಸಭೆಗೆ ವಿವರಿಸಿದವನು ಅಲನ್ ಟ್ಯೂರಿಂಗ್.

1912ನೇ ಇಸವಿ ಜೂನ್ 23ರಂದು ಲಂಡನ್ನಿನಲ್ಲಿ ಈತನ ಜನನ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿ ಈಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಗ ನಮ್ಮ ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಯೊಂದಿಗೆ ಅದೇ ಪ್ರಾಂತದಲ್ಲಿತ್ತು. ತಂದೆಯ ಉದ್ಯೋಗ ಇಲ್ಲಿ. ಮಕ್ಕಳಿಬ್ಬರು ಇಂಗ್ಲೆಂಡಿನಲ್ಲಿ ಬಹುಕಾಲ ಪರರ ಮನೆಯಲ್ಲಿ ಬೆಳೆದರು.

ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಗಣಿತ ಓದಿದ ಟ್ಯೂರಿಂಗ್, 1936ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಯಾವ ಲೆಕ್ಕವನ್ನಾದರೂ ಆದೇಶದಂತೆ ಹಂತಹಂತವಾಗಿ ಮಾಡಬಲ್ಲ ಯಂತ್ರವನ್ನು ಕಲ್ಪಿಸಿದ. ಇಂದಿನ ಗಣಕಯಂತ್ರದ ಬೀಜ ಅದರಲ್ಲಿದೆ.

1939ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನರ ರಹಸ್ಯ ಸಂದೇಶಗಳು ಎನಿಗ್ಮಾ ಎಂಬ ಯಂತ್ರದಲ್ಲಿ ಸಂಕೇತವಾಗಿ ಹೋಗುತ್ತಿದ್ದವು. ಅದರ ಮೂರು ಚಕ್ರಗಳ ಒಂದು ಜೋಡಣೆಗೇ 17,576 ಸ್ಥಾನಗಳು. ಕೀಲಿ ದಿನದಿನವೂ ಬದಲು. ಕೈಯಿಂದ ಒಂದೊಂದನ್ನೇ ಪರೀಕ್ಷಿಸುತ್ತ ಕುಳಿತರೆ ಯುದ್ಧವೇ ಮುಗಿದುಹೋದೀತು! ಪೋಲೆಂಡಿನ ಗಣಿತಜ್ಞರು ಮೊದಲೇ ಹಾಕಿದ್ದ ದಾರಿಯಲ್ಲಿ ಮುಂದುವರಿದು, ಟ್ಯೂರಿಂಗ್ 'ಬಾಂಬ್' ಎಂಬ ವಿದ್ಯುತ್ ಯಂತ್ರವನ್ನು ಯೋಜಿಸಿದ. ಗಾರ್ಡನ್ ವೆಲ್ಚ್‌ಮನ್ ಅದನ್ನು ಉತ್ತಮಗೊಳಿಸಿದ. ಸಂದೇಶದಲ್ಲಿ ಇರಬಹುದಾದ ಒಂದು ಮಾತನ್ನು, ಉದಾಹರಣೆಗೆ ಹವಾಮಾನ ವರದಿಯ ಪದಗಳನ್ನು, ಊಹಿಸಿ ಕೊಟ್ಟರೆ ಯಂತ್ರವು ಸ್ಥಾನಗಳನ್ನು ಒಂದೊಂದಾಗಿ ತಾನೇ ಪರೀಕ್ಷಿಸುತ್ತಿತ್ತು. ಊಹೆಗೆ ವಿರೋಧ ಕಂಡಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವುದು, ವಿರೋಧವಿಲ್ಲದಲ್ಲಿ ನಿಲ್ಲುವುದು. ನಿಂತಲ್ಲಿ ಮನುಷ್ಯರು ತಾಳೆ ನೋಡುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಇಂತಹ ಇನ್ನೂರಕ್ಕೂ ಹೆಚ್ಚು ಯಂತ್ರಗಳಿದ್ದವು. ಅಟ್ಲಾಂಟಿಕ್ ಸಾಗರದಲ್ಲಿ ಆಹಾರ ಹೊತ್ತು ತರುತ್ತಿದ್ದ ಎಷ್ಟೋ ಹಡಗುಗಳು ಇದರಿಂದ ಉಳಿದವು.

ಯುದ್ಧದ ನಂತರ ಆತನ ಮನಸ್ಸು ಗಣಕಯಂತ್ರದತ್ತ ಹರಿಯಿತು. ದೊಡ್ಡ ಆದೇಶಮಾಲೆಯನ್ನು ಒಟ್ಟಾಗಿ ನೋಡದೆ, ಈ ಹಂತದಲ್ಲಿ ಇಂತಹುದು ನಿಜವಾಗಿರಬೇಕು ಎಂದು ಬರೆದಿಟ್ಟು, ಪ್ರತಿಯೊಂದನ್ನೂ ಬೇರೆಯಾಗಿ ಪರಿಶೀಲಿಸಬೇಕೆಂಬುದೇ 1949ರ ಉಪನ್ಯಾಸದ ಸಾರ. ಇಂದು ಗಣಕ ಸಂಸ್ಥೆಗಳಲ್ಲಿ ಬರೆದ ಆದೇಶಗಳಿಗೆ ತಿದ್ದುಪಡಿ ಮಾಡಿದಾಗ, ಒಂದೊಂದು ತಿದ್ದುಪಡಿಯನ್ನೂ ಯಂತ್ರವೇ ಪರೀಕ್ಷಿಸಿ, ಯಾವುದರಿಂದ ಕೆಟ್ಟಿತೆಂದು ತೋರಿಸಿಕೊಡುತ್ತದೆ. ಇದರ ಹಿಂದಿರುವ ವಿವೇಕವೂ ನಮ್ಮ ದಶಕದ ಲೆಕ್ಕದ್ದೇ.

ಇಂತಹವನಿಗೆ ದೇಶ ಕೊಟ್ಟ ಪ್ರತಿಫಲ ನೆನೆದರೆ ಮನಸ್ಸು ಮರುಗುತ್ತದೆ. ಪುರುಷನೊಬ್ಬನೊಂದಿಗಿನ ಸಂಬಂಧ ಆಗ ಅಲ್ಲಿ ಅಪರಾಧವಾಗಿತ್ತು. 1952ರಲ್ಲಿ ನ್ಯಾಯಾಲಯ ಆತನನ್ನು ಅಪರಾಧಿಯೆಂದಿತು. ಸೆರೆಮನೆಯ ಬದಲು ದೇಹವನ್ನು ಹಾಳುಮಾಡುವ ಔಷಧಿಯನ್ನು ಒಪ್ಪಿಕೊಳ್ಳಬೇಕಾಯಿತು. ಯುದ್ಧಕಾಲದ ಸೇವೆ ರಹಸ್ಯವಾಗಿದ್ದುದರಿಂದ ಅದನ್ನು ಹೇಳಿಕೊಳ್ಳುವಂತೆಯೂ ಇರಲಿಲ್ಲ. 1954ರ ಜೂನ್ 7ರಂದು, 41ರ ಪ್ರಾಯದಲ್ಲಿ, ಸಯನೈಡ್ ವಿಷದಿಂದ ಟ್ಯೂರಿಂಗ್ ತೀರಿಕೊಂಡ. ಆತ್ಮಹತ್ಯೆಯೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು.

2013ರಲ್ಲಿ ರಾಣಿಯ ಕ್ಷಮಾದಾನ ಬಂತು. 2021ರಲ್ಲಿ 50 ಪೌಂಡಿನ ನೋಟಿನಲ್ಲಿ ಆತನ ಚಿತ್ರ ಬಂತು. ಲೆಕ್ಕದ ತಪ್ಪನ್ನು ಕ್ಷಣದಲ್ಲಿ ಹಿಡಿಯುವ ಹಾದಿಯನ್ನು ಆತ ತೋರಿಸಿದ್ದ. ಆತನ ವಿಷಯದಲ್ಲಿ ತನ್ನ ತಪ್ಪನ್ನು ಒಪ್ಪಿಕೊಳ್ಳಲು ಆ ದೇಶಕ್ಕೆ ಅರ್ಧ ಶತಮಾನಕ್ಕೂ ಮಿಕ್ಕಿ ಬೇಕಾಯಿತು. ನಮ್ಮ ಮಕ್ಕಳು ದಶಕ ಬರೆದಿಡುವುದನ್ನು ದಡ್ಡತನವೆಂದು ನಾಚಿಕೊಳ್ಳದಿರಲಿ.