ಹೂಮರಗಳ ಚಿತ್ರಕಾರ ರುಮಾಲೆ ಚನ್ನಬಸವಯ್ಯ

ಗೆಳೆಯರೇ, ದೊಡ್ಡ ಚಿತ್ರಕಾರರು ಅಂದ್ರೆ ದೂರದ ಊರಿನವರೇ ಇರಬೇಕು ಅಂದ್ಕೊಂಡಿದ್ದೀರಾ? ನಮ್ಮ ಪಕ್ಕದ ತಾಲ್ಲೂಕು ದೊಡ್ಡಬಳ್ಳಾಪುರದಲ್ಲೇ ಅಂಥವರೊಬ್ಬರು ಹುಟ್ಟಿದರು. ಅವರೇ ರುಮಾಲೆ ಚನ್ನಬಸವಯ್ಯನವರು.

ಇವರು ಹುಟ್ಟಿದ್ದು 1910ರಲ್ಲಿ. ಬೆಂಗಳೂರಿನಲ್ಲಿ ಅ. ನ. ಸುಬ್ಬರಾವ್ ಅವರ ಕಲಾಮಂದಿರದಲ್ಲೂ ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲೂ ಚಿತ್ರಕಲೆ ಕಲಿತರು. ಅಷ್ಟರಲ್ಲಿ ಗಾಂಧೀಜಿಯವರ ಕರೆ ಬಂತು. ಕುಂಚ ಕೆಳಗಿಟ್ಟು ಚಳವಳಿಗೆ ಇಳಿದರು. ಸೇವಾದಳದಲ್ಲಿ ದುಡಿದರು, ಜೈಲಿಗೂ ಹೋದರು. ಸ್ವಾತಂತ್ರ್ಯ ಬಂದ ಮೇಲೂ ಬಿಡುವು ಸಿಗಲಿಲ್ಲ. ‘ತಾಯಿನಾಡು’ ಪತ್ರಿಕೆ ನಡೆಸಿದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು.

1962ರ ಸುಮಾರಿಗೆ ಅದನ್ನೆಲ್ಲ ಬಿಟ್ಟು ಮತ್ತೆ ಕುಂಚ ಹಿಡಿದರು. ಆಗ ವಯಸ್ಸು ಐವತ್ತು ದಾಟಿತ್ತು! ಎಣ್ಣೆಬಣ್ಣದಲ್ಲೂ ಬರೆದರು, ಜಲವರ್ಣದಲ್ಲೂ ಬರೆದರು. ಜಲವರ್ಣ ಅಂದ್ರೆ ನೀರಲ್ಲಿ ಕಲಸೋ ಬಣ್ಣ. ಬಿಸಿಲಿಗೆ ಬೇಗ ಒಣಗುತ್ತೆ, ಒಂದು ಸಲ ಹಚ್ಚಿದ ಮೇಲೆ ತಿದ್ದೋದು ಕಷ್ಟ. ಆದರೂ ರುಮಾಲೆಯವರು ಮನೆಯೊಳಗೆ ಕೂತು ಬರೆಯಲಿಲ್ಲ. ಬೆಂಗಳೂರಿನ ಬೀದಿ, ಪಾರ್ಕುಗಳಲ್ಲಿ ಗುಲ್‌ಮೊಹರ್, ಜಕರಂಡ ಮರಗಳು ಹೂ ಬಿಟ್ಟಾಗ ಅವುಗಳ ಎದುರಿಗೇ ಹೋಗಿ ಬರೆದರು. ಅವರ ಚಿತ್ರದಲ್ಲಿ ಮನೆಗಳು ಚಿಕ್ಕವು, ಮರಗಳೇ ಯಜಮಾನರು.

ಅವರು 1988ರಲ್ಲಿ ತೀರಿಕೊಂಡರು. ಅವರ ಚಿತ್ರಗಳಿಗಾಗಿಯೇ ರಾಜಾಜಿನಗರದಲ್ಲಿ ‘ರುಮಾಲೆ ಹೌಸ್’ ಮಾಡಿದರು.

ಆಮೇಲೆ ಬೆಂಗಳೂರಿನ ಎಷ್ಟೋ ಸಾಲುಮರಗಳು ರಸ್ತೆ ಅಗಲ ಮಾಡುವಾಗ ಹೋದವು. ಅವುಗಳ ಹೂವನ್ನು ಈಗ ಚಿತ್ರದಲ್ಲೇ ನೋಡಬೇಕು. ನಮ್ಮ ಬೂದಿಗೆರೆ ಕಡೆಯ ಮರಗಳನ್ನಾದರೂ ಇರುವಾಗಲೇ ಕಣ್ತುಂಬ ನೋಡೋಣ. ಚಿತ್ರ ಬರೆಯೋಣ, ಮರವನ್ನೂ ಉಳಿಸೋಣ.