ಸಂತ ಫ್ರಾನ್ಸಿಸ್ ಕ್ಸೇವಿಯರರೂ ಅಂಚೆಚೀಟಿಯ ಮೇಲಿನ ಅವರ ದೇವಾಲಯವೂ

ಗೋವೆಯ ಯಾತ್ರೆ ಮುಗಿಸಿ ಮರಳುವ ನಮ್ಮ ಜನರು ಮನೆಗೆ ತರುವ ವಸ್ತುಗಳಲ್ಲಿ ಬೋಂ ಜೇಸು ದೇವಾಲಯದ ಚಿತ್ರವೂ ಒಂದು. ಕೆಲವರು ಅದನ್ನು ಮನೆಯ ಪೀಠದ ಮೇಲೆ ಇರಿಸುವರು, ಕೆಲವರು ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ ಕಾಪಾಡುವರು. ಅಂಚೆಚೀಟಿ ಮತ್ತು ಚಿತ್ರದ ಕಾರ್ಡುಗಳನ್ನು ಕೂಡಿಡುವ ಹವ್ಯಾಸವುಳ್ಳವರು ಆಲ್ಬಮ್ಮಿನಲ್ಲಿ ವರ್ಷಾನುಕ್ರಮವಾಗಿ ಜೋಡಿಸುವರು. ಈ ಕೊನೆಯವರ ಕೆಲಸವನ್ನು ಮಕ್ಕಳಾಟವೆಂದು ಹಗುರಾಗಿ ಕಾಣುವವರುಂಟು. ಹಾಗೆ ಕಾಣುವುದು ಸರಿಯಲ್ಲ. ಆ ದೇವಾಲಯದಲ್ಲಿ ವಿಶ್ರಮಿಸುತ್ತಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರು ತಾವೇ ಕಾಗದದ ಚೂರುಗಳನ್ನು ಕೂಡಿಟ್ಟವರು. ಅವರ ಬಾಳಿನಲ್ಲಿ ಅಂಚೆಗೆ ಇದ್ದ ಸ್ಥಾನವನ್ನು ಅರಿತವರಿಗೆ ಅವರ ಹೆಸರಿನ ಅಂಚೆಚೀಟಿ ಬರಿಯ ಚೀಟಿಯಾಗಿ ಉಳಿಯುವುದಿಲ್ಲ.

ಅವರು ಹುಟ್ಟಿದ್ದು 1506ರ ಏಪ್ರಿಲ್ 7ರಂದು, ಸ್ಪೇನಿನ ಉತ್ತರದಲ್ಲಿ ಅಂದು ಸ್ವತಂತ್ರ ರಾಜ್ಯವಾಗಿದ್ದ ನವಾರದ ಕ್ಸೇವಿಯರ್ ಕೋಟೆಮನೆಯಲ್ಲಿ. ತಂದೆ ರಾಜನ ಮಂತ್ರಾಲೋಚಕರು. ಬಾಲಕನಿಗೆ ಆರು ವರ್ಷವಾದಾಗ ಕಾಸ್ತೀಲಿನ ಸೇನೆ ನವಾರವನ್ನು ಗೆದ್ದುಕೊಂಡಿತು. ಒಂಬತ್ತು ತುಂಬಿದ ಮೇಲೆ ತಂದೆ ತೀರಿಕೊಂಡರು. 1516ರಲ್ಲಿ ಕೋಟೆಯ ಗೋಡೆಬುರುಜುಗಳನ್ನು ಗೆದ್ದವರು ಕೆಡವಿಸಿದರು. ಕೆಡವಿದ ಮನೆಯ ಕಿರಿಯ ಮಗ 1525ರಲ್ಲಿ ವಿದ್ಯಾಭ್ಯಾಸಕ್ಕೆಂದು ಪ್ಯಾರಿಸಿಗೆ ಹೋದನು. ಅಲ್ಲಿ ಒಂದೇ ಕೋಣೆಯಲ್ಲಿ ವಾಸಿಸಿದ ಪೀಟರ್ ಫಾಬರ್ ಮತ್ತು ಇಗ್ನೇಷಿಯಸ್ ಲೊಯೋಲ ಅವನ ಬಾಳಿನ ದಿಕ್ಕನ್ನೇ ತಿರುಗಿಸಿದರು. 1534ರ ಆಗಸ್ಟ್ 15ರಂದು ಮೋಮಾರ್ತ್ರ್ ಗುಡ್ಡದ ಚಿಕ್ಕ ಗುಡಿಯಲ್ಲಿ ಏಳು ಮಂದಿ ಗೆಳೆಯರು ವ್ರತ ತೊಟ್ಟರು. 1537ರಲ್ಲಿ ವೆನಿಸಿನಲ್ಲಿ ಫ್ರಾನ್ಸಿಸರಿಗೆ ಗುರುದೀಕ್ಷೆಯಾಯಿತು.

ಮುಂದಿನ ಸಂಗತಿಯನ್ನು ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ; ನಮಗೆ ಅದೇ ಮುಖ್ಯ. ರೋಮಿನಲ್ಲಿ ಯೇಸುಸಭೆ ಇನ್ನೂ ರೂಪುಗೊಳ್ಳುತ್ತಿದ್ದಾಗ ಅದರ ಪತ್ರವ್ಯವಹಾರವನ್ನು ನೋಡಿಕೊಳ್ಳುವ ಕೆಲಸ ಫ್ರಾನ್ಸಿಸರದಾಗಿತ್ತು. ಅಲ್ಲಲ್ಲಿ ಚದರಿದ ಗೆಳೆಯರನ್ನು ಒಂದಾಗಿ ಹಿಡಿದಿಡುವುದು ಪತ್ರವೊಂದೇ ಎಂಬುದನ್ನು ಅವರು ಆ ಮೇಜಿನ ಮುಂದೆ ಕುಳಿತು ಕಲಿತರು. ಪೋರ್ತುಗಲ್ಲಿನ ಅರಸ ಮೂರನೆಯ ಜಾನ್ ಇಂಡಿಯಾಕ್ಕೆ ಗುರುಗಳನ್ನು ಬೇಡಿದಾಗ ಹೊರಡಬೇಕಾಗಿದ್ದವರು ಬೊಬದಿಲ್ಯ. ಅವರು ಜ್ವರದಿಂದ ಮಲಗಿದುದರಿಂದ 1540ರ ಮಾರ್ಚಿಯಲ್ಲಿ ಫ್ರಾನ್ಸಿಸರು ಒಂದೇ ದಿನದ ಸೂಚನೆಯ ಮೇಲೆ ಹೊರಟರು. ಆ ದಿನದ ಬಳಿಕ ಅವರೂ ಇಗ್ನೇಷಿಯಸರೂ ಒಬ್ಬರ ಮುಖವನ್ನೊಬ್ಬರು ಮತ್ತೆ ಕಾಣಲಿಲ್ಲ.

1541ರ ಏಪ್ರಿಲ್ 7ರಂದು, ತಮ್ಮ ಮೂವತ್ತೈದನೆಯ ಹುಟ್ಟುಹಬ್ಬದಂದೇ, ಲಿಸ್ಬನ್ನಿನಿಂದ ಹಡಗೇರಿದರು. ಮೊಝಾಂಬಿಕಿನಲ್ಲಿ ಆರು ತಿಂಗಳು ತಂಗಿ 1542ರ ಮೇ 6ರಂದು ಗೋವೆಯನ್ನು ತಲಪಿದರು. ಅಲ್ಲಿ ಆಸ್ಪತ್ರೆಯಲ್ಲಿ ಬಿಡಾರ, ಸೆರೆಮನೆಯಲ್ಲಿ ಸೇವೆ, ಬೀದಿಬೀದಿಯಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಧರ್ಮೋಪದೇಶಕ್ಕೆ ಕರೆಯುವುದು. ಆ ವರ್ಷವೇ ಮುತ್ತಿನ ಕರಾವಳಿಯ ಪರವರ ನಡುವೆ ಹೋಗಿ, ತಮಿಳು ಬಲ್ಲವರ ನೆರವಿನಿಂದ ಪ್ರಾರ್ಥನೆಗಳನ್ನು ಆ ಭಾಷೆಗೆ ತಿರುಗಿಸಿ, ಬಾಯಿಪಾಠ ಮಾಡಿ ಕಲಿಸಿದರು. ಜ್ಞಾನಸ್ನಾನ ಕೊಟ್ಟೂ ಕೊಟ್ಟೂ ತೋಳು ಸೋತುಹೋಗುತ್ತಿತ್ತೆಂದು ಅವರು ಯುರೋಪಿಗೆ ಬರೆದರು. 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಆ ಪತ್ರ ಮರುವರ್ಷವೇ ಪ್ಯಾರಿಸಿನಲ್ಲಿ ಅಚ್ಚಾಗಿ ಕೈಯಿಂದ ಕೈಗೆ ಹರಿದಾಡಿತು.

ಆ ಕಾಲದ ಅಂಚೆಯ ಪರಿಯನ್ನು ಇಲ್ಲಿ ತುಸು ಹೇಳಬೇಕು. ಲಿಸ್ಬನ್ನಿನ ಹಡಗುಗಳು ವರ್ಷಕ್ಕೊಮ್ಮೆ, ವಸಂತದಲ್ಲಿ ಹೊರಟು, ಗಾಳಿ ಒಲಿದರೆ ಸೆಪ್ಟೆಂಬರಿನ ಹೊತ್ತಿಗೆ ಗೋವೆಗೆ ಬರುತ್ತಿದ್ದವು. ಮರಳುವ ಹಡಗುಗಳು ವರ್ಷದ ಆರಂಭದಲ್ಲಿ ಕೊಚ್ಚಿಯಿಂದ ಹೊರಡುತ್ತಿದ್ದವು. ಒಂದು ಹಡಗು ಮುಳುಗಿದರೂ ಇನ್ನೊಂದು ಮುಟ್ಟಲೆಂದು ಒಂದೇ ಪತ್ರದ ಹಲವು ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುವುದು ರೂಢಿಯಾಗಿತ್ತು. ಫ್ರಾನ್ಸಿಸರು ಮಲಕ್ಕಾದಾಚೆ ಹೋದ ಮೇಲಂತೂ ಉತ್ತರಕ್ಕೆ ಎರಡು ಮೂರು ವರ್ಷ ಕಾಯಬೇಕಾಗುತ್ತಿತ್ತು. ಇಗ್ನೇಷಿಯಸರು 1549ರ ಅಕ್ಟೋಬರಿನಲ್ಲಿ ಅವರನ್ನು ಪೂರ್ವದೇಶಗಳ ಪ್ರಾಂತಾಧಿಕಾರಿಯಾಗಿ ನೇಮಿಸಿದ ಆಜ್ಞೆ ಅವರ ಕೈ ಸೇರಿದ್ದು 1551ರ ಡಿಸೆಂಬರಿನಲ್ಲಿ.

ಹೀಗಿರುವಾಗ ಬಂದ ಪತ್ರದ ಬೆಲೆ ಎಷ್ಟಿರಬೇಡ! 1546ರಲ್ಲಿ ಮೊಲುಕ್ಕಾ ದ್ವೀಪಗಳಲ್ಲಿ ಒಂಟಿಯಾಗಿ ಅಲೆಯುತ್ತಿದ್ದಾಗ, ಯುರೋಪಿನ ಸಹೋದರರ ಪತ್ರಗಳಿಂದ ಅವರವರ ಕೈಬರಹದ ಸಹಿಗಳನ್ನು ಕತ್ತರಿಸಿ ತೆಗೆದು, ತಮ್ಮ ವ್ರತದ ಒಕ್ಕಣೆಯೊಂದಿಗೆ ಸದಾ ಜೊತೆಯಲ್ಲಿ ಹೊತ್ತು ತಿರುಗುತ್ತಿದ್ದೇನೆಂದು ಅವರು ಅಂಬೋನಿನಿಂದ ತಿಳಿಸಿದ್ದಾರೆ. ಪತ್ರಗಳನ್ನೆಲ್ಲ ಹೊತ್ತು ನಡೆಯುವಂತಿರಲಿಲ್ಲ, ಹೆಸರುಗಳನ್ನು ಹೊರಬಹುದಾಗಿತ್ತು. ಇಗ್ನೇಷಿಯಸರಿಗೆ ಮೊಣಕಾಲೂರಿ ಪತ್ರ ಬರೆದದ್ದೂ ಉಂಟು.

ಅದೇ ಅಂಬೋನಿನಿಂದ ಅದೇ ಮೇ ತಿಂಗಳಲ್ಲಿ ಅವರು ಅರಸನಿಗೆ ಬರೆದ ಇನ್ನೊಂದು ಪತ್ರವನ್ನು ಮರೆಮಾಚಬೇಕಾಗಿಲ್ಲ. ಗೋವೆಯಲ್ಲಿ ಧರ್ಮವಿಚಾರಣಾ ನ್ಯಾಯಾಲಯವನ್ನು ಸ್ಥಾಪಿಸಬೇಕೆಂದು ಅದರಲ್ಲಿ ಬೇಡಿದರು. ಅದು ಸ್ಥಾಪನೆಯಾದದ್ದು 1560ರಲ್ಲಿ, ಅವರು ಗತಿಸಿ ಏಳು ವರ್ಷಗಳು ಕಳೆದ ಮೇಲೆ. ಅದರಿಂದ ಗೋವೆಯ ಜನ ಪಟ್ಟ ಪಾಡು ಸಣ್ಣದಲ್ಲ. ನಮ್ಮ ಕರಾವಳಿಯ ಅನೇಕ ಕ್ರೈಸ್ತ ಮನೆತನಗಳ ಹಿರಿಯರು ಗೋವೆಯನ್ನು ಬಿಟ್ಟು ತೆಂಕಣಕ್ಕೆ ಬಂದ ಕಾರಣಗಳಲ್ಲಿ ಅದೂ ಒಂದೆಂದು ಹೇಳುವರು. ಸಂತರ ಪತ್ರಗಳನ್ನು ಓದುವವರು ಇದನ್ನೂ ಓದಬೇಕಾಗುತ್ತದೆ.

1549ರ ಆಗಸ್ಟ್ 15ರಂದು ಜಪಾನಿನ ಕಾಗೊಶಿಮದಲ್ಲಿ ಇಳಿದರು. ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದ ಮೇಲೆ, ಜಪಾನೀಯರು ಜ್ಞಾನದಲ್ಲಿ ಹಿರಿಯರೆಂದು ಗೌರವಿಸುವ ಚೀನಕ್ಕೆ ಹೋಗಬೇಕೆಂಬ ಹಂಬಲ ಅವರಲ್ಲಿ ಬಲಿಯಿತು. ಗೋವೆಗೆ ಮರಳಿ, ಕೆಲಸಗಳನ್ನು ಒಪ್ಪಗೊಳಿಸಿ, 1552ರ ಏಪ್ರಿಲಿನಲ್ಲಿ ಹೊರಟರು. ಮಲಕ್ಕಾದಲ್ಲಿ ಅಧಿಕಾರಿಯಾಗಿದ್ದ ಆಲ್ವರೊ ದ ಆತೈದನು ಚೀನದ ರಾಯಭಾರವನ್ನು ತಡೆದು ನಿಲ್ಲಿಸಿದನು. ಈತ ವಾಸ್ಕೊ ದ ಗಾಮನ ಮಗ! ಕೊನೆಗೆ ಫ್ರಾನ್ಸಿಸರು ರಾಯಭಾರವಿಲ್ಲದೆಯೇ ಚೀನದ ಕರೆಯ ಬಳಿಯ ಸಾನ್ಸಿಯನ್ ದ್ವೀಪವನ್ನು ಸೇರಿದರು. ಹಣಕ್ಕೆ ಒಪ್ಪಿ ಗುಟ್ಟಾಗಿ ಕ್ಯಾಂಟನ್ನಿಗೆ ದಾಟಿಸುವೆನೆಂದ ಚೀನೀ ವರ್ತಕ ಬರಲೇ ಇಲ್ಲ. ನವೆಂಬರಿನ ಕೊನೆಯಲ್ಲಿ ಜ್ವರ ಹಿಡಿಯಿತು. ಡಿಸೆಂಬರ್ 3ರಂದು, 46ನೆಯ ವಯಸ್ಸಿನಲ್ಲಿ, ಒಂದು ಗುಡಿಸಲಿನಲ್ಲಿ ಪ್ರಾಣ ಬಿಟ್ಟರು. ಬಳಿಯಲ್ಲಿದ್ದವನು ಅಂತೋಣಿ ಎಂಬ ಚೀನೀ ಕ್ರೈಸ್ತ.

ಇದೊಂದೂ ರೋಮಿಗೆ ತಿಳಿದಿರಲಿಲ್ಲ. 1553ರ ಜೂನ್ 28ರಂದು ಇಗ್ನೇಷಿಯಸರು ಕೈಗೆ ಲೇಖನಿ ತೆಗೆದುಕೊಂಡು, ಮೊದಲ ಹಡಗಿನಲ್ಲಿ ಪೋರ್ತುಗಲ್ಲಿಗೆ ಮರಳಿ ಬರಬೇಕೆಂದು ಫ್ರಾನ್ಸಿಸರಿಗೆ ಆಜ್ಞೆ ಬರೆದರು. ಪತ್ರ ಯಾರಿಗಾಗಿ ಹೊರಟಿತೋ ಅವರು ಆಗಲೇ ಆರು ತಿಂಗಳ ಹಿಂದೆ ಮಣ್ಣು ಸೇರಿದ್ದರು.

ಸುಣ್ಣ ಹಾಕಿ ಹೂಳಿದ್ದ ಶರೀರವನ್ನು 1553ರ ಫೆಬ್ರವರಿಯಲ್ಲಿ ತೆಗೆದಾಗ ಅದು ಕೆಡದಿತ್ತು. ಮಲಕ್ಕಾದ ಮೂಲಕ 1554ರ ಮಾರ್ಚಿಯಲ್ಲಿ ಅದನ್ನು ಗೋವೆಗೆ ತಂದು ಸಂತ ಪೌಲರ ವಿದ್ಯಾಲಯದಲ್ಲಿ ಇರಿಸಿದರು. ಚಿತ್ರದ ಕಾರ್ಡುಗಳಲ್ಲಿ ನಾವು ಕಾಣುವ ಬೋಂ ಜೇಸು ದೇವಾಲಯ ಆಗ ಇರಲೇ ಇಲ್ಲ. ಅದಕ್ಕೆ ಅಡಿಗಲ್ಲು ಬಿದ್ದದ್ದು 1594ರಲ್ಲಿ, ಪ್ರತಿಷ್ಠೆಯಾದದ್ದು 1605ರಲ್ಲಿ. ತಮ್ಮ ಹೆಸರಿನೊಂದಿಗೆ ಲೋಕವೆಲ್ಲ ಬೆಸೆದಿರುವ ಈ ಕಟ್ಟಡವನ್ನು ಸಂತರು ಕಣ್ಣಾರೆ ನೋಡಿದವರಲ್ಲ. 1622ರ ಮಾರ್ಚ್ 12ರಂದು ಇಗ್ನೇಷಿಯಸರೊಂದಿಗೇ ಅವರು ಸಂತ ಪದವಿಗೇರಿದ ಬಳಿಕ ಶರೀರವನ್ನು ಇಲ್ಲಿಗೆ ತಂದರು. ಗೋವೆಯ ಅಕ್ಕಸಾಲಿಗರ ಕೈಯ ಬೆಳ್ಳಿಯ ಪೆಟ್ಟಿಗೆ 1637ರ ವೇಳೆಗೆ ಸಿದ್ಧವಾಯಿತು. ತಸ್ಕನಿಯ ಮೂರನೆಯ ಕೊಸಿಮೊ ಕಳುಹಿಸಿದ ಅಮೃತಶಿಲೆಯ ಸಮಾಧಿಪೀಠ 1698ರಲ್ಲಿ ನಿಂತಿತು.

ಕಾರ್ಡುಗಳನ್ನು ಕೂಡಿಡುವವರಿಗೆ ಇನ್ನೊಂದು ಉಪಯುಕ್ತ ಸಂಗತಿ. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಕಾರ್ಡುಗಳಲ್ಲಿ ಈ ದೇವಾಲಯದ ಗೋಡೆಗಳು ಸುಣ್ಣಗಾರೆ ಹೊದ್ದು ಬೆಳ್ಳಗಿವೆ. ಈಚಿನವುಗಳಲ್ಲಿ ಕೆಂಪು ಮುರಕಲ್ಲು ಬರಿಮೈಯಲ್ಲಿ ನಿಂತಿದೆ. 1950ರ ದಶಕದಲ್ಲಿ ಪೋರ್ತುಗೀಸ್ ವಾಸ್ತುಶಿಲ್ಪಿಯೊಬ್ಬರ ಸಲಹೆಯಂತೆ ಗಾರೆಯನ್ನು ಕಿತ್ತು ತೆಗೆದುದೇ ಇದಕ್ಕೆ ಕಾರಣ. ಆದ್ದರಿಂದ ತಾರೀಖಿಲ್ಲದ ಕಾರ್ಡಿನ ಕಾಲವನ್ನು ಗೋಡೆಯ ಬಣ್ಣವೇ ಹೇಳಿಕೊಡುತ್ತದೆ. ಮುರಕಲ್ಲು ಮಳೆನೀರನ್ನು ಹೀರಿ ಸವೆಯುತ್ತಿದೆಯೆಂದೂ ಮತ್ತೆ ಗಾರೆ ಹಚ್ಚಬೇಕೆಂದೂ 2020ರಲ್ಲಿ ದೇವಾಲಯದ ರೆಕ್ಟರರು ಬಹಿರಂಗವಾಗಿ ಕೇಳಿಕೊಂಡರು. ಆ ಗಾರೆ ಹೇಗಿತ್ತೆಂಬುದಕ್ಕೆ ಅಜ್ಜಂದಿರ ಪೆಟ್ಟಿಗೆಯಲ್ಲಿ ಉಳಿದ ಕಾರ್ಡುಗಳೂ ಸಾಕ್ಷಿ. ಅಂತಹ ಕಾರ್ಡು ಯಾರ ಮನೆಯಲ್ಲಾದರೂ ಇದ್ದರೆ ಎಸೆಯದಿರಲಿ.

ಅಂಚೆಚೀಟಿಗಳ ಕಥೆ ಚಿಕ್ಕದು. 1931ರ ಪ್ರದರ್ಶನದ ಸಂದರ್ಭದಲ್ಲಿ ಪೋರ್ತುಗೀಸ್ ಇಂಡಿಯಾ ಆರು ಚೀಟಿಗಳನ್ನು ಹೊರಡಿಸಿತು. ದೇವಾಲಯವೂ ಸಮಾಧಿಯೂ ಅವುಗಳಲ್ಲಿವೆ. 1952ರಲ್ಲಿ, ಸಂತರು ಗತಿಸಿದ 400ನೆಯ ವರ್ಷ, ಮತ್ತೊಂದು ಗುಂಪು ಬಂದಿತು. ಸ್ವತಂತ್ರ ಭಾರತದ ಅಂಚೆ ಇಲಾಖೆ 1974ರ ಡಿಸೆಂಬರಿನಲ್ಲಿ, ಆ ವರ್ಷದ ಪ್ರದರ್ಶನದ ಕಾಲದಲ್ಲಿ, ಸಂತರ ಪೆಟ್ಟಿಗೆಯಿರುವ ಗುಡಿಯ ಚಿತ್ರವುಳ್ಳ 25 ಪೈಸೆಯ ಚೀಟಿಯನ್ನು ಹೊರತಂದಿತು. ಇನ್‍ಲೆಂಡ್ ಕಾಗದದ ಕಾಲದವರಿಗೆ ಅದರ ನೆನಪಿರಬಹುದು. ಹತ್ತು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ ಈಚೆಗೆ 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆಯಿತು.

1952ರ ಗುಂಪಿನಲ್ಲಿ ಒಂದು ಚೀಟಿಯ ಮೇಲೆ ಸಂತರ ತೋಳಿನ ಚಿತ್ರವಿದೆ. ಗೋವೆಯ ಪೆಟ್ಟಿಗೆಯಲ್ಲಿ ಆ ತೋಳಿಲ್ಲ. 1614ರಲ್ಲಿ ಯೇಸುಸಭೆಯ ಮಹಾಧಿಕಾರಿ ಅಕ್ವವೀವರ ಆಜ್ಞೆಯಂತೆ ಬಲ ಮುಂಗೈಯನ್ನು ಬೇರ್ಪಡಿಸಿ ರೋಮಿಗೆ ಕಳುಹಿಸಲಾಯಿತು. ಜ್ಞಾನಸ್ನಾನ ಕೊಟ್ಟು ಸೋತ, ಅಷ್ಟೊಂದು ಪತ್ರಗಳನ್ನು ಬರೆದ ಕೈ ಅದು. ರೋಮಿನ ಜೆಸು ದೇವಾಲಯದ ಬಲಗಡೆಯ ಪೀಠದಲ್ಲಿ ಅದನ್ನು ಇರಿಸಿದ್ದಾರೆ. ಅದಕ್ಕೆ ನೇರ ಎದುರಿನ ಎಡಗಡೆಯ ಪೀಠದ ಕೆಳಗೆ ಇಗ್ನೇಷಿಯಸರ ಸಮಾಧಿಯಿದೆ.