ಮಡಿಕೇರಿಯಲ್ಲಿ ಕಿಟ್ಟೆಲ್: ನಿಘಂಟಿಗೆ ಮುಂಚಿನ ದಿನಗಳು

ಮಡಿಕೇರಿ: ಪಾಶ್ಚಾತ್ಯ ಸಂಗೀತ ಬಲ್ಲವರಿಗೆ ಕಿಟ್ಟೆಲ್ ಎಂದರೆ 17ನೇ ಶತಮಾನದ ಕಾಸ್ಪರ್ ಕಿಟ್ಟೆಲ್; ಇಲ್ಲವೇ ಬಾಖ್‌ನ ಕೊನೆಯ ಶಿಷ್ಯರಲ್ಲೊಬ್ಬನಾದ ಯೋಹಾನ್ ಕ್ರಿಶ್ಚಿಯನ್ ಕಿಟ್ಟೆಲ್. ಇಬ್ಬರೂ ಜರ್ಮನ್ ಸಂಯೋಜಕರು. ಕನ್ನಡಿಗರಿಗಾದರೋ ಕಿಟ್ಟೆಲ್ ಒಬ್ಬರೇ, ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್. ಅವರ ಬಾಳಿನ ಮಹತ್ವದ ಕೆಲವು ವರ್ಷಗಳು ಮಡಿಕೇರಿಯಲ್ಲಿ ಕಳೆದವೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

1832ರ ಏಪ್ರಿಲ್ 7ರಂದು ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಜನಿಸಿದ ಕಿಟ್ಟೆಲ್, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕರ್ನಾಟಕಕ್ಕೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ಮನಸ್ಸು ನೆಟ್ಟದ್ದು ಹಳೆಯ ಓಲೆಗರಿಗಳಲ್ಲಿ. ಈ ಪಾಂಡಿತ್ಯದ ಗೀಳು ಮಿಷನ್ನಿಗೆ ಅಷ್ಟೇನೂ ರುಚಿಸಲಿಲ್ಲ. 1862ರಲ್ಲಿ ಅವರು ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ಹೊಂದಿಸಿ 'ಕಥಾಮಾಲೆ' ರಚಿಸಿದರು. 1864ರಲ್ಲಿ ಪತ್ನಿ ಪೌಲಿನ್ ತೀರಿಕೊಂಡರು. ಬಳಿಕ ಆಕೆಯ ತಂಗಿಯನ್ನೇ ವರಿಸಿದರು.

1870ರ ದಶಕದಲ್ಲಿ ಮಡಿಕೇರಿಯಲ್ಲಿದ್ದಾಗ ಅವರ ವಿದ್ವತ್ತು ಪಕ್ವಗೊಂಡಿತು. ಕೇಶಿರಾಜನ 'ಶಬ್ದಮಣಿದರ್ಪಣ' 1872ರಲ್ಲಿ, ನಾಗವರ್ಮನ 'ಛಂದೋಂಬುಧಿ' 1875ರಲ್ಲಿ ಅವರ ಸಂಪಾದನೆಯಲ್ಲಿ ಹೊರಬಂದವು. 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಗೆ ಇಲ್ಲಿಂದಲೇ ಲೇಖನಗಳು ಹೋದವು. ಕೊಡಗಿನ ಬಿಳಿಯೂರು, ಪೆಗ್ಗೂರುಗಳ ಗಂಗರ ಕಾಲದ ಶಾಸನಗಳನ್ನು ಅದರಲ್ಲಿ ವಿದ್ವಾಂಸರ ಮುಂದಿಟ್ಟರು. ಕೊಡಗಿನವರ ದೈವಾರಾಧನೆ, ಹಿರಿಯರ ಆರಾಧನೆಗಳನ್ನು ಕುರಿತ ಲೇಖನಕ್ಕೆ ಮಾತ್ರ ಮೂಢನಂಬಿಕೆ ಎಂಬ ತಲೆಬರಹ ಕೊಟ್ಟರು. ಅಲ್ಲಿ ಮಾತಾಡಿದ್ದು ಪಾದ್ರಿಯೇ ಹೊರತು ಪಂಡಿತನಲ್ಲ. ಸಂಸ್ಕೃತ ನಿಘಂಟುಗಳಲ್ಲಿ ದ್ರಾವಿಡ ಮೂಲದ ಪದಗಳಿವೆಯೆಂದು 1872ರಲ್ಲೇ ವಾದಿಸಿದವರೂ ಇವರೇ. ಎಲ್ಲ ಪದಗಳೂ ಸಂಸ್ಕೃತದಿಂದಲೇ ಇಳಿದವೆಂದು ನಂಬಿದವರಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ವ್ಯಾಕರಣ, ಛಂದಸ್ಸು, ಶಾಸನಗಳ ಈ ವ್ಯಾಸಂಗವಿಲ್ಲದೆ ನಿಘಂಟು ಅಂಥದ್ದಾಗುತ್ತಿರಲಿಲ್ಲ. 1832ರ ರೀವ್ ಅವರ ಕೋಶ ಅದಾಗಲೇ ಬಳಕೆಯಲ್ಲಿತ್ತು. ಆದರೆ ಹಳಗನ್ನಡ ಕಾವ್ಯದಿಂದ ಗಾದೆಯವರೆಗೆ ಪ್ರಯೋಗಗಳನ್ನು ಆಧಾರವಾಗಿಟ್ಟು ಅರ್ಥ ಹೇಳುವ ಹಟ ಕಿಟ್ಟೆಲ್ಲರದು.

1877ರಲ್ಲಿ ಸ್ವದೇಶಕ್ಕೆ ಮರಳಿದರೂ ಕೆಲಸ ಬಿಡಲಿಲ್ಲ. ಕೋಶಕ್ಕಾಗಿಯೇ 1883ರಲ್ಲಿ ಮತ್ತೆ ಬಂದು, 1892ರವರೆಗೆ ದುಡಿದರು. ಸುಮಾರು 70 ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಎರಡು ವರ್ಷಗಳ ನಂತರ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ಕಿಟ್ಟೆಲ್ 1903ರ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲೇ ನಿಧನರಾದರು. ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ ವರ್ಷ.